ಸುಮ್ಮನೆ ಹೋಗಿಬಂದ ಬಾಟಲಿ

"ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ಸ್ವಲ್ಪ ವಿಚಾರಣೆ ಮಾಡ್ಬೇಕು," ಎಂದಳು ನೀರಕ್ಕ.

ಇಪ್ಪತ್ತಾರು ವರ್ಷದ ಪೊಲೀಸ್ ನೌಕರಿಯಲ್ಲಿ ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನನಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ನನ್ನ ಅತ್ತೆಯೊಬ್ಬರನ್ನು ಬಿಟ್ಟು.

ಬೆಳಿಗ್ಗೆ ಎಂಟೂಕಾಲು. ಪ್ರಯೋಗಾಲಯದ ಉದ್ದನೆಯ ಕೋಣೆಯಲ್ಲಿ ಫ್ರಿಜ್ಜುಗಳು ಗುಂಯ್ ಎನ್ನುತ್ತಿದ್ದವು. ಮೇಜಿನ ಮೇಲೆ ಕಂದು ಗಾಜಿನ ಏಳು ಬಾಟಲಿಗಳು, ಪ್ರತಿಯೊಂದರ ಕೊರಳಿಗೂ ಬರೀ ಒಂದು ನಂಬರ್ ಚೀಟಿ.

ಹತ್ತೊಂಬತ್ತು ಜನ ವಾಂತಿಯಾಗಿ ಆಸ್ಪತ್ರೆ ಸೇರಿದ್ದಕ್ಕೂ ಅವರಲ್ಲಿ ಒಬ್ಬ ಮುದುಕ ಸತ್ತಿದ್ದಕ್ಕೂ ಕೆಳಬೀದಿಯ ಬಾವಿಗಳಿಗೆ ಸೇರಿದ ವಿಷವೇ ಕಾರಣವೆಂದು, ಹದಿಮೂರು ದಿನಗಳ ಹಿಂದೆ ಬಣ್ಣದ ಕಾರ್ಖಾನೆಯ ಮೇಸ್ತ್ರಿಯನ್ನು ಹಿಡಿದು ಒಳಗೆ ಹಾಕಿದವಳು ನಾನೇ. ಇವತ್ತು ಹನ್ನೆರಡು ಗಂಟೆಗೆ ಅವನ ಮೇಲೆ ಕೊಲೆಯ ಆರೋಪಪಟ್ಟಿ ಕೋರ್ಟಿಗೆ ಹೋಗಬೇಕಿತ್ತು. ಅದು ಸಹಿಯಾಗಿ ನನ್ನ ಚೀಲದಲ್ಲೇ ಇತ್ತು.

"ವಿಚಾರಣೆಯಾ? ನನ್ನನ್ನಾ?" ಎಂದೆ.

"ಎಲ್ಲರನ್ನೂ ಮಾಡಿ ಆಯ್ತು ಮೇಡಂ. ಮೊದಲು ನನ್ನನ್ನೇ ಮಾಡ್ಕೊಂಡೆ. ನೀವೊಬ್ಬರೇ ಬಾಕಿ."

ನೀರಕ್ಕ ಎನ್ನುವುದು ಊರವರು ಇಟ್ಟ ಹೆಸರು. ನೆಲದಡಿಯಲ್ಲಿ ನೀರು ಯಾವ ದಾರಿ ಹಿಡಿಯುತ್ತದೆ ಎನ್ನುವುದು ಅವಳ ಓದು. ಅವಳ ಬೆನ್ನ ಹಿಂದಿನ ದೊಡ್ಡ ಪರದೆಯ ಮೇಲೆ ಇನ್ನಿಬ್ಬರಿದ್ದರು. ಎಡಕ್ಕೆ, ಚಳಿದೇಶವೊಂದರಲ್ಲಿ ಕುಳಿತ ಗಾಳಿ ವಿಜ್ಞಾನಿ. ಮನೆಯೊಳಗೂ ಉಣ್ಣೆಯ ಟೋಪಿ ತೆಗೆಯದ ಕಾರಣ ನಾನು ಅವನನ್ನು ಟೋಪಿ ಎಂದೇ ಕರೆಯುತ್ತಿದ್ದೆ. ಬಲಕ್ಕೆ, ಸಮುದ್ರದಾಚೆಯ ಮತ್ತೊಂದು ದೇಶದ ಲೆಕ್ಕದಜ್ಜಿ. ಒಂದು ರಾಸಾಯನಿಕ ಮಣ್ಣಿನಿಂದ ನೀರಿಗೆ, ನೀರಿನಿಂದ ಗಾಳಿಗೆ ಎಷ್ಟು ದಿನದಲ್ಲಿ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕುವುದು ಎಪ್ಪತ್ತು ದಾಟಿದ ಆ ಹೆಂಗಸಿನ ಕಸುಬು.

ಮೂವರೂ ಆಡುವುದು ಮೂವರಿಗೂ ತಾಯಿನುಡಿಯಲ್ಲದ ಒಂದು ಭಾಷೆ. ಒಬ್ಬೊಬ್ಬರು ಅದನ್ನು ಒಂದೊಂದು ಕಡೆ ಮುರಿಯುತ್ತಾರೆ. ಹಾಗಿದ್ದೂ ಒಂದೇ ಮನೆಯವರಂತೆ ಜಗಳವಾಡುತ್ತಾರೆ. ನನಗೆ ಅರ್ಥವಾದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

"ಕಳೆದ ವಾರ ಕೆಳಬೀದಿಯ ಆರು ಬಾವಿಗಳಿಂದ ನೀರು ತಗೊಂಡ್ವಿ. ಪ್ರತಿ ಬಾವಿದೂ ಮೂರು ಪಾಲು," ನೀರಕ್ಕ ಬೆರಳು ಮಡಚಿದಳು. "ಒಂದು ನನಗೆ, ಒಂದು ಈ ಗಾಳಿ ವಿಜ್ಞಾನಿಗೆ, ಒಂದು ಅಜ್ಜಿಯ ಲ್ಯಾಬಿಗೆ. ಅವೆರಡು ಅವತ್ತು ಸಂಜೆಯೇ ಐಸ್ ಪೆಟ್ಟಿಗೆಯಲ್ಲಿ ವಿಮಾನ ಹತ್ತಿದ್ವು. ಒಟ್ಟು ಎಷ್ಟು ಬಾಟಲಿ?"

"ಹದಿನೆಂಟು."

"ಇಪ್ಪತ್ತೊಂದು. ಪ್ರತಿ ಪಾಲಿಗೂ ಒಂದು ಸುಮ್ನೆ ಬಾಟಲಿ ಇರುತ್ತೆ."

ಆ ಸುಮ್ನೆ ಬಾಟಲಿಯನ್ನು ಅವತ್ತು ಬಾವಿಕಟ್ಟೆಯಲ್ಲಿ ನಾನೂ ನೋಡಿ ಮುಸಿಮುಸಿ ನಕ್ಕಿದ್ದೆ. ಪ್ರಯೋಗಾಲಯದಲ್ಲೇ ಅತಿಶುದ್ಧ ನೀರು ತುಂಬಿಸಿ, ಬಾವಿಯವರೆಗೆ ಹೊತ್ತು ತಂದು, ಮುಚ್ಚಳ ತೆಗೆದು, ಏನನ್ನೂ ತುಂಬದೆ ಮತ್ತೆ ಮುಚ್ಚಿ, ಉಳಿದವುಗಳ ಜೊತೆಯಲ್ಲೇ ವಾಪಸು ಒಯ್ಯುತ್ತಾರೆ. ಮೆರವಣಿಗೆಗೆ ಕರೆದುಕೊಂಡು ಹೋದಂತೆ.

"ಅದರಲ್ಲಿ ಏನೂ ಇರಬಾರದು," ಎಂದಳು ನೀರಕ್ಕ. "ಇದ್ದರೆ, ಅದು ಬಾವಿಯಿಂದ ಬಂದಿದ್ದಲ್ಲ. ನಮ್ಮಿಂದ ಬಂದಿದ್ದು."

ಅವಳು ಕಂಪ್ಯೂಟರಿನ ಕೀಲಿ ಒತ್ತಿದಳು. ಪರದೆಯ ಮೇಲೆ ಏಳು ಗೆರೆಗಳು ಮೂಡಿದವು. ಪ್ರತಿ ಗೆರೆಯಲ್ಲೂ ಒಂದೇ ಜಾಗದಲ್ಲಿ ಒಂದು ಚೂಪು ಗುಡ್ಡ. ಆ ಗುಡ್ಡ ಯಾವುದೆಂದು ನನಗೆ ಬಾಯಿಪಾಠವಾಗಿತ್ತು: ಬಟ್ಟೆಗೆ ಬಣ್ಣ ಹಿಡಿಸುವ, ನುಸಿಗುಳಿಗೆಯ ವಾಸನೆಯ ದ್ರಾವಣ. ಕಾರ್ಖಾನೆಯ ಹಿಂದೆ ಸೋರುತ್ತಿದ್ದ ಡ್ರಮ್ಮಿನಲ್ಲಿ ಸಿಕ್ಕಿದ್ದು ಅದೇ. ಆರು ಬಾವಿಗಳಲ್ಲಿ ಅದು ಕಂಡಿದೆ ಎಂಬ ವರದಿಯ ಮೇಲೆಯೇ ನನ್ನ ಇಡೀ ಕೇಸು ನಿಂತಿತ್ತು.

"ಆರು ಬಾವಿ, ಏಳು ಗುಡ್ಡ," ಎಂದ ಟೋಪಿ.

ಏಳನೆಯದು ಸುಮ್ನೆ ಬಾಟಲಿ.

"ಎತ್ತರ ನೋಡಿ," ಎಂದರು ಅಜ್ಜಿ. ಅವರ ಕಡೆ ಅದು ಬೆಳಗಿನ ತಿಂಡಿಯ ಹೊತ್ತು. ಬ್ರೆಡ್ಡಿನ ಚೂರು ಹಿಡಿದ ಕೈಯಲ್ಲೇ ಪರದೆಗೆ ತೋರಿಸಿದರು. "ಏಳೂ ಒಂದೇ ಎತ್ತರ. ಒಂದು ಬಾವಿ ಹತ್ತು ಅಡಿ, ಇನ್ನೊಂದು ಅರವತ್ತು. ಒಂದು ಮರಳು, ಇನ್ನೊಂದು ಬಂಡೆ. ಪ್ರಕೃತಿಗೆ ಇಷ್ಟು ಶಿಸ್ತು ಇಲ್ಲಮ್ಮ. ಇದು ಬಾವಿಯ ಅಂಕಿ ಅಲ್ಲ. ಯಾವುದೋ ಕೋಣೆಯ ಅಂಕಿ."

"ಯಾವ ಕೋಣೆ?"

"ಅದನ್ನೇ ನಾಲ್ಕು ದಿನದಿಂದ ಹುಡುಕ್ತಾ ಇದೀನಿ," ಎಂದಳು ನೀರಕ್ಕ.

ಒಂದು ನೋಟ್‌ಬುಕ್ಕನ್ನು ನನ್ನ ಮುಂದೆ ತಳ್ಳಿದಳು. ಓದುತ್ತಾ ಹೋದಂತೆ ನನಗೆ ನಾಚಿಕೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಅವಳು ತನ್ನ ಕಾರಿನ ಡಿಕ್ಕಿಯಲ್ಲಿ ಒಂದು ಶುದ್ಧ ಬಾಟಲಿ ಇಟ್ಟು ಪರೀಕ್ಷಿಸಿದ್ದಳು. ಫ್ರಿಜ್ಜಿನಲ್ಲಿ, ಕಪಾಟಿನಲ್ಲಿ ಇಟ್ಟು ಪರೀಕ್ಷಿಸಿದ್ದಳು. ಅವತ್ತು ತೊಟ್ಟಿದ್ದ ಕೋಟು, ಬರೆದ ಪೆನ್ನು, ಕೈಗೆ ಹಚ್ಚಿದ ಮುಲಾಮು, ಒಂದನ್ನೂ ಬಿಟ್ಟಿರಲಿಲ್ಲ. ಎಲ್ಲದರ ಮುಂದೆಯೂ 'ಇಲ್ಲ' ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಿದ್ದಳು.

ಅಪರಾಧಿ ತಾನೇ ಇರಬಹುದೆಂಬ ಅನುಮಾನದಿಂದ ಶುರು ಮಾಡುವ ಪತ್ತೇದಾರರನ್ನು ನಾನು ನೋಡಿಯೇ ಇರಲಿಲ್ಲ. ನಾವೆಲ್ಲ ಅನುಮಾನವನ್ನು ಹೊರಗಿನವರಿಗೆಂದೇ ಮೀಸಲಿಟ್ಟವರು.

"ಬಾವಿಯಿಂದ ಬಂದ ಮೇಲೆ ನನ್ನ ಪಾಲಿನ ಏಳು ಬಾಟಲಿ ಎರಡು ದಿನ ನನ್ನ ಹತ್ತಿರ ಇರಲಿಲ್ಲ," ಎಂದಳು ನೀರಕ್ಕ ಮೆಲ್ಲಗೆ.

"ಗೊತ್ತು. ಸಾಕ್ಷಿ ಅದು. ಪೊಲೀಸರ ಮೊಹರು ಬೀಳದೆ ಲ್ಯಾಬಿಗೆ ಹೋಗಬಾರದು ಅಂತ ನಾನೇ ಹಟ ಮಾಡಿ ಇಟ್ಕೊಂಡಿದ್ದೆ."

"ಎಲ್ಲಿ ಇಟ್ಟಿದ್ರಿ ಮೇಡಂ?"

ಸಿಟ್ಟು ನೆತ್ತಿಗೇರಿತು. "ನನ್ನ ಠಾಣೆಯ ಮಾಲುಕೋಣೆಯಲ್ಲಿ! ಎರಡು ಬೀಗ, ಒಂದು ಪಹರೆ. ಒಳಗೆ ಇರುವೆ ಹೋಗಬೇಕಾದ್ರೂ ರಿಜಿಸ್ಟರಲ್ಲಿ ಸಹಿ ಮಾಡಬೇಕು. ಬೇಕಾದ್ರೆ ತರಿಸ್ತೀನಿ, ನೋಡಿ. ಆ ಎರಡು ದಿನ ಒಬ್ಬನೇ ಒಬ್ಬ ಒಳಗೆ ಹೋಗಿಲ್ಲ."

"ವಾಸನೆ ಸಹಿ ಮಾಡುತ್ತಾ ಮೇಡಂ?"

ಟೋಪಿ ಪರದೆಯಲ್ಲೇ ಮುಂದಕ್ಕೆ ಬಾಗಿದ. "ಆ ಕೋಣೆಗೆ ಕಿಟಕಿ ಎಷ್ಟು?"

"ಇಲ್ಲ. ಮಾಲುಕೋಣೆಗೆ ಯಾರಾದ್ರೂ ಕಿಟಕಿ ಇಡ್ತಾರಾ?"

"ಬಾಟಲಿಗಳ ಜೊತೆ ಇನ್ನೇನಿತ್ತು?"

ಮಾಲುಕೋಣೆಯನ್ನು ಮನಸ್ಸಿನಲ್ಲೇ ಒಂದು ಸುತ್ತು ಹಾಕಿದೆ. ಎಡಗೋಡೆಗೆ ಕಳವಿನ ಸೈಕಲ್ಲುಗಳು. ಬಲಗಡೆ ಕಬ್ಬಿಣದ ಕಪಾಟು, ಅದರ ಮೇಲೆ ಬಾಟಲಿಗಳ ಪೆಟ್ಟಿಗೆ. ಕಪಾಟಿನ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ, ನಾನೇ ಮೊಹರು ಹಾಕಿಸಿ ಇರಿಸಿದ್ದ...

"ಡ್ರಮ್ಮು," ಎಂದೆ.

ಸೋರುವ ಡ್ರಮ್ಮು. ಅದರ ಆವಿ ಕಿಟಕಿಯಿಲ್ಲದ ಕೋಣೆಯಲ್ಲಿ ಎರಡು ದಿನ ಓಡಾಡಿ, ಮುಚ್ಚಳದ ಸಂದಿಯಲ್ಲಿ ಒಂದೊಂದೇ ಬಾಟಲಿಗೆ ಇಳಿದಿತ್ತು. ನಾನು ಜೋಪಾನ ಮಾಡಿದ ಒಂದು ಸಾಕ್ಷಿ, ನಾನು ಜೋಪಾನ ಮಾಡಿದ ಇನ್ನೊಂದು ಸಾಕ್ಷಿಯನ್ನು ಕೆಡಿಸಿತ್ತು. ಬಾವಿಗಳಿಗೆ ವಿಷ ಹಾಕಿದವರು ಯಾರೋ ಗೊತ್ತಿಲ್ಲ, ಬಾಟಲಿಗಳಿಗೆ ಹಾಕಿದವಳು ನಾನು.

ಹದಿಮೂರು ದಿನ ಒಬ್ಬ ಮನುಷ್ಯ ನನ್ನ ಬೀಗದೊಳಗೆ ಕೂತಿದ್ದಾನೆ. ಅಲ್ಲಿಯವರೆಗೆ ನನಗೆ ಯಾವ ಕೇಸಿನಲ್ಲೂ ಆಗದಷ್ಟು ಸಂಕಟವಾಯಿತು. ಬೈಸಿಕೊಳ್ಳಲು ಸಿದ್ಧಳಾಗಿ ಕುಳಿತೆ.

ಯಾರೂ ಬೈಯಲಿಲ್ಲ.

"ನಾನು ಎರಡು ವರ್ಷ ಒಂದು ಹಿಮಬೆಟ್ಟದ ತುದಿಯಲ್ಲಿ ವಿಷ ಹಿಡಿದಿದ್ದೆ," ಎಂದ ಟೋಪಿ. "ಗಾಳಿಯಲ್ಲಿ ಸಾವಿರಾರು ಮೈಲಿ ಹಾರಿಬಂದಿದೆ ಅಂತ ಲೋಕಕ್ಕೆಲ್ಲ ಸಾರಿದೆ. ಸುಮ್ನೆ ಬಾಟಲಿ ಒಯ್ಯೋ ಅಭ್ಯಾಸ ಆಗ ನನಗಿರಲಿಲ್ಲ. ಈ ಅಜ್ಜಿ ನನ್ನ ಅಂಕಿ ನೋಡಿ, ಹೀಗಾಗಕ್ಕೆ ಸಾಧ್ಯವೇ ಇಲ್ಲ, ನಿನ್ನ ಕೈ ತೋರಿಸು ಅಂದ್ರು. ನನ್ನ ಹೊಸ ಕೈಗವಸಿನಲ್ಲಿತ್ತು ಅದು."

"ಆಮೇಲೆ?"

"ತಪ್ಪು ಅಂತ ಬರೆದು, ನನ್ನ ಹೆಸರು ಹಾಕಿ, ಅದೇ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದೆ. ಅವತ್ತಿಂದ ಇವರ ಜೊತೆ ಕೆಲಸ ಮಾಡ್ತಿದೀನಿ."

"ಇವನ ಟೋಪಿಯನ್ನೂ ಪರೀಕ್ಷೆ ಮಾಡ್ಸಿದೀನಿ," ಎಂದರು ಅಜ್ಜಿ. "ಅದಕ್ಕೇ ಅದೊಂದನ್ನೇ ಹಾಕ್ಕೋತಾನೆ."

ಮೂರು ದೇಶ, ಮೂರು ವಿದ್ಯೆ, ಮೂರು ಗಡಿಯಾರ. ಟೋಪಿಯ ಕಿಟಕಿಯ ಹೊರಗೆ ಇನ್ನೂ ಬೆಳಕು ಹರಿದಿರಲಿಲ್ಲ. ಅವನು ಹೆಸರೂ ಕೇಳದ ಬೀದಿಯೊಂದರ ಬಾವಿಗಾಗಿ, ಮುಖವೂ ನೋಡದ ಮೇಸ್ತ್ರಿಯೊಬ್ಬನಿಗಾಗಿ ನಿದ್ದೆ ಬಿಟ್ಟು ಕೂತಿದ್ದ. ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿದರೆ ಇವರಲ್ಲಿ ಮುನಿಸಿಲ್ಲ. ನಮ್ಮ ಇಲಾಖೆಯಲ್ಲಿ ಹಾಗೆ ಹಿಡಿದವನಿಗೆ ವರ್ಗಾವಣೆಯಾಗುತ್ತದೆ. ಈ ಮೂವರಿಗೆ ಎದ್ದು ಸೆಲ್ಯೂಟ್ ಹೊಡೆಯಬೇಕು ಎನ್ನಿಸಿತು.

"ನಿಮ್ಮಿಬ್ಬರ ಪಾಲಿನ ಬಾಟಲಿ ನನ್ನ ಕೋಣೆಗೆ ಬಂದೇ ಇಲ್ಲವಲ್ಲ," ಎಂದೆ. "ಅದರಲ್ಲೇನಿದೆ?"

"ಅದಕ್ಕೇ ನಿಮ್ಮನ್ನ ಕರೆದಿದ್ದು," ಎಂದಳು ನೀರಕ್ಕ. "ಇಬ್ಬರ ಫಲಿತಾಂಶವೂ ಬಂದಿದೆ. ಒಬ್ಬರದ್ದನ್ನ ಒಬ್ಬರು ಇನ್ನೂ ನೋಡಿಲ್ಲ. ಯಾವ ನಂಬರ್ ಯಾವ ಬಾವಿ ಅಂತ ಇಬ್ಬರಿಗೂ ಗೊತ್ತಿಲ್ಲ. ಆ ಪಟ್ಟಿ ಈ ಲಕೋಟೆಯಲ್ಲಿದೆ. ಎಲ್ಲರೂ ಒಟ್ಟಿಗೆ ತೋರಿಸೋದು ನಮ್ಮ ಪದ್ಧತಿ."

ಇಬ್ಬರೂ ಒಟ್ಟಿಗೆ ತಮ್ಮ ತಮ್ಮ ಹಾಳೆಯನ್ನು ಪರದೆಗೆ ಹಿಡಿದರು.

ಡ್ರಮ್ಮಿನ ಗುಡ್ಡ ಎಲ್ಲೂ ಇರಲಿಲ್ಲ. ಎರಡೂ ಸುಮ್ನೆ ಬಾಟಲಿಗಳ ಗೆರೆ ಮಟ್ಟಸವಾಗಿತ್ತು. ಆದರೆ ನಾಲ್ಕನೇ ನಂಬರಿನಲ್ಲಿ, ಇಬ್ಬರ ಹಾಳೆಯಲ್ಲೂ, ನಾನು ಕಂಡರಿಯದ ಜಾಗದಲ್ಲಿ ಜೋಡಿ ಗುಡ್ಡಗಳು ಎದ್ದಿದ್ದವು. ಒಂದು ದೊಡ್ಡದು, ಪಕ್ಕದಲ್ಲೊಂದು ಮರಿ.

"ಹುಳದ ಔಷಧ," ಎಂದ ಟೋಪಿ. "ಧಾನ್ಯದ ಗೋದಾಮಿನಲ್ಲಿ ಹೊಡೀತಾರಲ್ಲ, ಅದು."

"ನಮ್ಮ ಲ್ಯಾಬಿಗೆ ಇದು ಯಾಕೆ ಕಾಣಲಿಲ್ಲ?"

ನೀರಕ್ಕ ತಲೆ ತಗ್ಗಿಸಿದಳು. "ಡ್ರಮ್ಮಿನದು ಇದೆಯಾ ಇಲ್ವಾ ಅಂತ ಮಾತ್ರ ನೀವು ಕೇಳಿದ್ರಿ. ನಾನೂ ಅಷ್ಟನ್ನೇ ನೋಡಿದೆ. ಅವರು ಏನೇನಿದೆ ಅಂತ ನೋಡಿದ್ರು."

ಲಕೋಟೆ ಹರಿದಳು. ನಾಲ್ಕು: ಬೇಕರಿಯ ಹಿತ್ತಲಿನ ಬಾವಿ.

ಬೇಕರಿ! ಕೆಳಬೀದಿಯ ಜನರೆಲ್ಲ ಅಲ್ಲಿ ನಿಂತು ನಿಂಬೆಹಣ್ಣಿನ ಶರಬತ್ತು ಕುಡಿಯುತ್ತಾರೆ. ಅದಕ್ಕೇ ಬೀದಿಯ ಎಲ್ಲ ಮನೆಯಲ್ಲೂ ಕಾಯಿಲೆ. ನಾನು ಅದನ್ನು ಎಲ್ಲ ಬಾವಿಯಲ್ಲೂ ವಿಷ ಎಂದು ಓದಿಕೊಂಡಿದ್ದೆ.

ಆ ಕ್ಷಣವೇ ಠಾಣೆಗೆ ಫೋನು ಮಾಡಿದೆ. "ಹೆಡ್ ಕಾನ್‌ಸ್ಟೇಬಲ್ಲೇ, ಕೆಳಬೀದಿಯ ಆರೂ ಬಾವಿ ಮುಚ್ಚಿಸಿ. ತಿನ್ನೋದು ಕುಡಿಯೋದು ಮಾರೋ ಅಂಗಡಿ ಒಂದೂ ತೆರೆದಿರಬಾರದು. ಯಾವುದಕ್ಕೂ ಹೆಚ್ಚು ಕಾವಲು ಹಾಕಬೇಡಿ, ಎಲ್ಲಾ ಒಂದೇ ಥರ ಇರಲಿ. ಯಾಕೆ ಅಂತ ಕೇಳಿದ್ರೆ ಮೇಡಂಗೆ ತಲೆ ಕೆಟ್ಟಿದೆ ಅನ್ನಿ."

"ಅದನ್ನ ಎಲ್ಲರೂ ನಂಬ್ತಾರೆ ಮೇಡಂ," ಎಂದರು ಅವರು ಬಹಳ ವಿನಯದಿಂದ.

ನಾನು ಫೋನಿಡುವಷ್ಟರಲ್ಲಿ ಅಜ್ಜಿಯ ಪೆನ್ನು ಓಡುತ್ತಿತ್ತು. ಬ್ರೆಡ್ಡು ತಟ್ಟೆಯಲ್ಲೇ ಉಳಿದಿತ್ತು.

"ಈ ಔಷಧ ನೀರಲ್ಲಿ ನಿಲ್ಲಲ್ಲ," ಎಂದರು. "ಒಡೆದು ಚೂರಾಗುತ್ತೆ. ದೊಡ್ಡ ಗುಡ್ಡ ಔಷಧ, ಮರಿ ಗುಡ್ಡ ಅದರ ಚೂರು. ಹೊತ್ತು ಹೋದ ಹಾಗೆ ದೊಡ್ಡದು ಕರಗಿ ಮರಿ ಬೆಳೆಯುತ್ತೆ. ಇಲ್ಲಿ ಮರಿ ಇನ್ನೂ ಇಷ್ಟೇ ಇಷ್ಟಿದೆ. ನೀವು ನೀರು ತಗೊಂಡ ದಿನಕ್ಕೆ, ಇದನ್ನ ಸುರಿದು ಮೂರು ದಿನ ಕೂಡ ಆಗಿರಲಿಲ್ಲ."

"ಮಣ್ಣಿನೊಳಗಿಂದ ಹರಿದು ಬಂದಿರಬಹುದಲ್ವಾ?"

"ಪಕ್ಕದ ಬಾವಿಯಲ್ಲಿ ಇದು ಒಂದು ಹನಿಯೂ ಇಲ್ಲ. ಅದು ಎಷ್ಟು ದೂರ?" ಎಂದರು ಅಜ್ಜಿ.

"ನಲವತ್ತು ಹೆಜ್ಜೆ," ಎಂದಳು ನೀರಕ್ಕ. "ಆ ನೆಲದಲ್ಲಿ ಅಷ್ಟು ದೂರ ಬರೋಕೆ ಒಂದು ವರ್ಷ ಬೇಕು. ಅಷ್ಟರಲ್ಲಿ ಔಷಧ ಪೂರ್ತಿ ಒಡೆದು ಹೋಗಿರುತ್ತೆ."

"ಹಾಗಾದ್ರೆ ಇದು ಹರಿದು ಬಂದಿದ್ದಲ್ಲ, ಹಾರಿ ಬಂದಿದ್ದೂ ಅಲ್ಲ," ಎಂದ ಟೋಪಿ. "ಕೈಯಿಂದ ಬಂದಿದ್ದು."

ಮೇಸ್ತ್ರಿಯನ್ನು ಹಿಡಿದದ್ದು ಹದಿಮೂರು ದಿನದ ಹಿಂದೆ. ಬಾವಿಯ ನೀರು ತೆಗೆದದ್ದು ಅದಾಗಿ ಏಳನೇ ದಿನ. ಅದರ ಹಿಂದಿನ ದಿನವೇ ಇನ್ನೂ ಐದು ಜನ ಆಸ್ಪತ್ರೆ ಸೇರಿದ್ದರು. ನೆಲದಲ್ಲಿ ಉಳಿದದ್ದು ಇನ್ನೂ ಇಳಿಯುತ್ತಿದೆ ಎಂದು ನಾನೇ ಮೇಲಧಿಕಾರಿಗಳಿಗೆ ವಿವರಿಸಿದ್ದೆ. ಅಜ್ಜಿಯ ಲೆಕ್ಕ ಸರಿಯಾಗಿದ್ದರೆ, ಮೇಸ್ತ್ರಿ ಒಳಗಿದ್ದಾಗಲೇ ಯಾರೋ ಬೇಕರಿಯ ಬಾವಿಗೆ ಎರಡನೇ ಸಲ ಸುರಿದಿದ್ದರು.

ಚೀಲದಿಂದ ಆರೋಪಪಟ್ಟಿ ತೆಗೆದು, ನನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದೆ.

"ಅಚ್ಚು ಮಾಡಿಸ್ತೀರಾ?" ಎಂದ ಟೋಪಿ.

"ಜಡ್ಜ್ ಮುಂದೆ ಓದ್ತೀನಿ," ಎಂದೆ.

ಜೀಪಿನಲ್ಲಿ ಕುಳಿತಾಗ ಹತ್ತೂವರೆ. ಬೇಕರಿಯ ಹಿತ್ತಲಿಗೆ ದಾರಿ ಅಂಗಡಿಯೊಳಗಿಂದ ಮಾತ್ರ. ಒಳಗೆ ಓಡಾಡುವವರು ಇಬ್ಬರೇ. ಒಬ್ಬ ಬೇಕರಿಯ ಯಜಮಾನ. ಮೇಸ್ತ್ರಿಯ ಮೇಲೆ ಮೊದಲ ದೂರು ಕೊಟ್ಟವನು. ಇನ್ನೊಬ್ಬಳು ಒಲೆ ನೋಡಿಕೊಳ್ಳುವ ಹೆಂಗಸು. ಮೇಸ್ತ್ರಿಯ ಹೆಂಡತಿಯ ತಂಗಿ. ಗಂಡ ಸತ್ತ ಮೇಲೆ ಎಂಟು ವರ್ಷದಿಂದ ಅಕ್ಕ-ಭಾವನ ಮನೆಯಲ್ಲೇ ಇದ್ದಾಳೆ. ಇಬ್ಬರ ಹೇಳಿಕೆಯನ್ನೂ ನಾನು ಅರ್ಧರ್ಧ ಗಂಟೆಯಲ್ಲಿ ಬರೆದುಕೊಂಡು ಮುಗಿಸಿದ್ದೆ. ಡ್ರಮ್ಮು ಸಿಕ್ಕಿತ್ತಲ್ಲ, ಇನ್ನೇನು ಬೇಕು ಎಂಬ ಧೈರ್ಯ.

ಠಾಣೆಯ ಲಾಕಪ್ಪಿನಲ್ಲಿ ಮೇಸ್ತ್ರಿ ಗೋಡೆಗೊರಗಿ ಕುಳಿತಿದ್ದ. ಐವತ್ತೈದರ ಒಣಕಲು ಆಳು. ಮೂವತ್ತು ವರ್ಷ ಬಣ್ಣದಲ್ಲಿ ಅದ್ದಿದ ಉಗುರುಗಳು ನೀಲಿಗಟ್ಟಿದ್ದವು.

"ಏಳಿ ಮೇಸ್ತ್ರಿ," ಎಂದೆ.

ಹದಿಮೂರು ದಿನ ಏಕವಚನದಲ್ಲಿ ಕರೆದವಳು ಬಹುವಚನಕ್ಕೆ ಬಂದದ್ದನ್ನು ಅವರು ಗಮನಿಸಿದರು. ಮುಖದಲ್ಲಿ ಗಾಬರಿ ಕಂಡಿತು.

"ಏನಾಯ್ತು ಮೇಡಂ? ಮನೇಲಿ ಏನಾದ್ರೂ..."

"ಮನೇಲಿ ಏನೂ ಇಲ್ಲ. ನನ್ನದೇ ತಪ್ಪಾಗಿದೆ. ನಿಮ್ಮ ಡ್ರಮ್ಮಿನದು ಬಾವಿಗೆ ಹೋಗಿಯೇ ಇಲ್ಲ. ನನ್ನ ಕೋಣೆಯಲ್ಲಿ ಬಾಟಲಿಗೆ ಹೋಗಿತ್ತು. ಹನ್ನೆರಡಕ್ಕೆ ಕೋರ್ಟಲ್ಲಿ ನಾನೇ ಹೇಳ್ತೀನಿ. ಸಂಜೆ ಮನೇಲಿರ್ತೀರಿ."

ಅಳುತ್ತಾರೆ ಎಂದುಕೊಂಡೆ. ಬೈಯುತ್ತಾರೆ ಎಂದುಕೊಂಡೆ. ಎರಡಕ್ಕೂ ನಾನು ಅರ್ಹಳಾಗಿದ್ದೆ. ಅವರು ಸರಳು ಹಿಡಿದುಕೊಂಡು ಕೇಳಿದರು: "ಅಂದ್ರೆ ಆರೂ ಬಾವಿ ಚೊಕ್ಕಟ ಇದೆಯಾ?"

"ಒಂದು ಬಿಟ್ಟು."

ಅದನ್ನು ನಾನು ಹೇಳಬಾರದಿತ್ತು. ಸಂತೋಷಕ್ಕೆ ಬಾಯಿ ಜಾರಿತು.

"ಬೇಕರಿದು," ಎಂದರು ಮೇಸ್ತ್ರಿ.

ಕೇಳಿದ್ದಲ್ಲ, ಹೇಳಿದ್ದು. ಆ ಲಕೋಟೆ ಒಡೆದು ಎರಡು ಗಂಟೆಯೂ ಆಗಿರಲಿಲ್ಲ. ಅದರೊಳಗಿನದು ಗೊತ್ತಿದ್ದದ್ದು ಮೂರು ದೇಶಗಳಲ್ಲಿ ಕೂತ ನಾಲ್ಕೇ ಜನಕ್ಕೆ.

"ಯಾರು ಹೇಳಿದ್ರು ನಿಮಗೆ?"

"ಯಾರು ಹೇಳ್ಬೇಕು? ಸುರಿದವನಿಗೆ ಗೊತ್ತಿರಲ್ವಾ? ಹುಳದ ಔಷಧ. ನಾನೇ ಸುರಿದೆ. ಬರ್ಕೊಳ್ಳಿ."

"ಸುಳ್ಳು," ಎಂದೆ. "ಸುರಿದಾಗ ನೀವು ಇಲ್ಲೇ ಇದ್ರಿ. ಕೀಲಿ ನನ್ನ ಹತ್ತಿರ ಇತ್ತು. ಯಾರನ್ನ ಉಳಿಸ್ತಿದೀರಿ? ನಾದಿನಿಯನ್ನಾ?"

ಸರಳಿನ ಮೇಲಿದ್ದ ಬೆರಳುಗಳ ಗೆಣ್ಣುಗಳು ಬಿಳಿಚಿಕೊಂಡವು. ದನಿ ಮಾತ್ರ ಅಲುಗಲಿಲ್ಲ.

"ಅವಳ ಹೆಸರು ಯಾಕೆ ಎತ್ತುತ್ತೀರಿ ಮೇಡಂ? ನಾನು ಒಳಗಿದ್ದಾಗ ಸುರಿದಿದ್ದು ಅಂತ ಹೇಳಿದ್ದು ಯಾರು?"

"ಆ ನೀರು ಪರೀಕ್ಷೆ ಮಾಡಿದ ವಿಜ್ಞಾನಿಗಳು. ಎರಡು ದೇಶದ ಲ್ಯಾಬಲ್ಲಿ."

"ಹೋದ ವಾರ ಆರು ಬಾವಿಯಲ್ಲೂ ಡ್ರಮ್ಮಿನದು ಇದೆ ಅಂತ ಬಂತಲ್ಲ, ಅದೂ ಬಾಟಲಿ ಪರೀಕ್ಷೆಯೇ ಅಲ್ವಾ? ಅದು ತಪ್ಪು ಅಂತ ನೀವೇ ಈಗ ಹೇಳಿದ್ರಿ."

ಉತ್ತರ ಇತ್ತು. ಆ ಬಾಟಲಿ ಬೇರೆ, ಈ ಬಾಟಲಿ ಬೇರೆ. ಅಜ್ಜಿ, ಟೋಪಿ, ನೀರಕ್ಕ ಮೂವರೂ ಅದನ್ನು ಗಂಟೆಗಟ್ಟಲೆ ಬಿಡಿಸಿ ಹೇಳಬಲ್ಲರು. ಆದರೆ ತಾನೇ ಮಾಡಿದೆ ಎಂದು ಕಟಕಟೆಯಲ್ಲಿ ಕಣ್ಣೀರು ಹಾಕುವ ಮನುಷ್ಯನೊಬ್ಬನ ಎದುರು, ದೂರದೇಶದ ಎರಡು ಹಾಳೆಗಳನ್ನು ಯಾರು ತಿರುವಿ ನೋಡುತ್ತಾರೆ? ಅದೂ, ಮೊದಲ ಪರೀಕ್ಷೆ ಕೆಟ್ಟಿತ್ತೆಂದು ನಾನೇ ಎದ್ದು ನಿಂತು ಒಪ್ಪಿಕೊಂಡ ಮೇಲೆ?

ಹನ್ನೊಂದಾಯಿತು. ಹೊರಗೆ ಕೋರ್ಟಿಗೆ ಹೋಗುವ ವ್ಯಾನು ಬಂದು ನಿಂತಿತು.

ಮೇಸ್ತ್ರಿ ಅಂಗಿಯ ಗುಂಡಿ ಹಾಕಿಕೊಂಡರು. ಮದುವೆಗೆ ಹೊರಟವರಷ್ಟು ನಿಧಾನವಾಗಿ, ಒಂದೊಂದಾಗಿ.

"ನೀವು ನಿಮ್ಮ ತಪ್ಪು ಒಪ್ಕೊಳ್ಳಿ ಮೇಡಂ," ಎಂದರು. "ನಾನು ನನ್ನದು ಒಪ್ಕೋತೀನಿ. ಜಡ್ಜು ಯಾರ ಮಾತು ನಂಬ್ತಾರೋ ನೋಡೋಣ."